ವರ್ಷ, ವರ್ಷನ್

“ಕೇಸವ್, ಇದರಲ್ಲಿ ಮೆನು ರೆಡಿ ಉಂಟು ಮಾರಾಯ. ನಿನಗೆ ಅರ್ಧ ಕೆಲಸ ಕಮ್ಮಿ!” ಎಂದು ಮೆಹ್ತಾ ಸೇಠ್ ಕಂಪ್ಯೂಟರಿನ ನೆತ್ತಿ ತಟ್ಟಿದರು. ಸೇಠರ ಕನ್ನಡವೆಲ್ಲ ಬಾಂದ್ರಾದ ಉಡುಪಿ ಹೋಟೆಲಿನಲ್ಲಿ ಕಲಿತದ್ದು. ಯಾವ ವಿಷಯ ಮಾತಾಡಿದರೂ ಅದಕ್ಕೆ ಚಟ್ನಿ ಅಂಟಿಕೊಂಡೇ ಬರುತ್ತಿತ್ತು.

ಪ್ರೋಗ್ರಾಮರ್ ಕೇಶವಮೂರ್ತಿ ಕಣ್ಣುಜ್ಜಿಕೊಂಡ. ಬೆಳಿಗ್ಗೆಯಿಂದ ಫ್ಲಾಪಿ ಮೇಲೆ ಫ್ಲಾಪಿ ತುರುಕಿ ಪ್ರೋಗ್ರಾಮ್ ಬರೆಯುವ ಸಾಫ್ಟ್‌ವೇರಿನ ಹೊಸ ವರ್ಷನ್ನನ್ನು ಯಂತ್ರಕ್ಕಿಳಿಸಿದವನು ಅವನೇ. ಒಳ್ಳೆಯದೇ, ಸುಳ್ಳಲ್ಲ. ಒಂದೊಂದು ಗೆರೆಯನ್ನೂ ತಾನೇ ಕೂಡಿಸಬೇಕಿದ್ದ ಪರದೆಯ ಮೆನುವನ್ನು ಈಗ ಅದೇ ಬಿಡಿಸುತ್ತಿತ್ತು. ತಪ್ಪಾದರೆ ಯಾವ ಸಾಲಿನಲ್ಲೆಂದು ತೋರಿಸುತ್ತಿತ್ತು. ಹಳೆಯದು ಹೇಳದೆ ಕೇಳದೆ ಮುಚ್ಚಿಕೊಂಡು ದಿನದ ದುಡಿಮೆಯನ್ನೇ ನುಂಗುತ್ತಿತ್ತು, ಇದು ಮರ್ಯಾದಸ್ಥ. ‘ಹೊರಗೆ ಹೋಗಬೇಕೆ? ವೈ ಅಥವಾ ಎನ್’ ಎಂದು ಇಂಗ್ಲಿಷಿನಲ್ಲಿ ಕೇಳಿ, ವೈ ಒತ್ತಿದರಷ್ಟೇ ಹೊರಡುತ್ತಿತ್ತು.

“ಇದು ಬೆಸ್ಟ್. ಕೇಳದೆ ಯಾರೂ ಹೋಗಬಾರದು,” ಎಂದರು ಸೇಠ್.

“ಸೇಠ್‌ಜೀ, ವರ್ಷನ್ ಬಂದ್ರೆ ಐದಕ್ಕೆ ಬಿಡ್ತೀನಿ ಅಂದಿದ್ರಿ. ಈಗ ಆರೂವರೆ.”

“ಬಿಡ್ತೇನೆ ಮಾರಾಯ. ಅರ್ಧ ಟೈಮ್ ಉಳೀತಲ್ಲ? ಅದರಲ್ಲಿ ಸಾಂತಾಕ್ರೂಜ್ ಹೋಟೆಲ್‌ನವರ ಬಿಲ್ಲಿಂಗ್ ಒಂದು ಮಾಡಿಬಿಡು. ಎಕ್ಸ್‌ಟ್ರಾ ಸಾಂಬಾರ್ ಅಂತ ತಿಳ್ಕೋ.”

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಕೇಶವಮೂರ್ತಿಯ ಹೆಂಡತಿ ಸರಸ್ವತಿ ಬಂದಳು. ಸೊಂಟದ ಮೇಲೆ ಪುಟ್ಟ ಮಗಳು. ಇಸ್ತ್ರಿ ಮಾಡಿ ಉಟ್ಟ ಸೀರೆ ಆಂಟಾಪ್ ಹಿಲ್‌ನಿಂದ ಇಲ್ಲಿಗೆ ಬರುವಷ್ಟರಲ್ಲಿ ಬಸ್ಸಿನ ನೂಕುನುಗ್ಗಲಿಗೆ ಮುದುಡಿ ಹೋಗಿತ್ತು.

“ಏನೇ, ಇಲ್ಲಿಗೆ?”

“ಏನಂದ್ರೆ? ಇವತ್ತಿಂದ ನನ್ನ ನೈಟ್ ಸ್ಕೂಲ್ ಕೆಲಸ ಅಲ್ವಾ! ಇಲ್ಲೇ ಸ್ಟೇಷನ್ ಹತ್ರ, ಏಳಕ್ಕೆ ಹೋಟೆಲ್ ಹುಡುಗರು ಬಂದು ಕೂತಿರ್ತಾರೆ. ಮೊದಲ ದಿನವೇ ಟೀಚರ್ ಇಲ್ಲ ಅಂದ್ರೆ ನಾಳೆ ಆ ಜಾಗಕ್ಕೆ ಬೇರೆಯವರು. ‘ಹೊಸ ವರ್ಷ ಬರ್ಲಿ, ಆರಕ್ಕೆ ಮನೇಲಿರ್ತೀನಿ, ಮಗೂನ ನಾನು ನೋಡ್ಕೋತೀನಿ’ ಅಂದೋರು ನೀವೇ. ಅದನ್ನ ನಂಬಿ ಸ್ಕೂಲಿನವರಿಗೆ ಹೂಂ ಅಂದೆ.”

ಕೇಶವಮೂರ್ತಿಗೆ ನೆನಪಾಯಿತು. ಊಟದ ಕೊನೆಗೆ ತೂಕಡಿಸುತ್ತ ಹೇಳಿದ ಮಾತು. ಬಾಲದ ‘ನ್’ ಮಜ್ಜಿಗೆಯಲ್ಲಿ ಮುಳುಗಿಹೋಗಿತ್ತು. ಎದುರಿನ ಗೋಡೆಯಲ್ಲಿ ಹೊಸದಾಗಿ ಬಂದ ತೊಂಬತ್ತೆರಡರ ಕ್ಯಾಲೆಂಡರ್ ಇನ್ನೂ ಸುರುಳಿ ಬಿಡದೆ ನೇತಾಡುತ್ತಿತ್ತು.

“ವರ್ಷ ಅಲ್ವೇ, ವರ್ಷನ್ ಅಂದಿದ್ದೆ. ವರ್ಷನ್! ಈ ಕಂಪ್ಯೂಟರ್‌ದು.”

“ಅದು ಯಾವಾಗ ಬರುತ್ತಂತೆ?”

ಸೇಠರೇ ಹಿಗ್ಗಿನಿಂದ, “ಬಂತು ಭಾಭೀ! ಇವತ್ತೇ. ಗರಂ ಗರಂ!” ಎಂದರು.

ಸರಸ್ವತಿ ಗಂಡನ ಮುಖ ನೋಡಿದಳು.

“ವರ್ಷಾನೂ ಬಂತು, ವರ್ಷನ್ನೂ ಬಂತು. ನೀವೊಬ್ರು ಬರ್ಲಿಲ್ಲ.”

ದನಿಯಲ್ಲಿ ಜಗಳವಿರಲಿಲ್ಲ. ಜಗಳವಾಡಬೇಕಾದರೂ ಬಸ್ಸಿನಲ್ಲಿ ಸೀಟು ಸಿಕ್ಕಿರಬೇಕು. ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿ, ಸೆರಗು ಸರಿಮಾಡಿಕೊಂಡು, ದಡದಡನೆ ಮೆಟ್ಟಿಲಿಳಿದು ಹೋದಳು.

ಮಗು ಎರಡೂ ಅಂಗೈಯಿಂದ ಕೀಬೋರ್ಡ್ ಬಡಿಯಿತು. ಪರದೆ ಮರ್ಯಾದೆಯಿಂದ ಕೇಳಿತು: ಹೊರಗೆ ಹೋಗಬೇಕೆ?

“ಎನ್ ಒತ್ತು ಕೇಸವ್, ಎನ್!” ಎಂದು ಸೇಠ್ ಕೂಗಿಕೊಂಡರು.

ಕೇಶವಮೂರ್ತಿ ಎನ್ನೂ ಒತ್ತಲಿಲ್ಲ, ವೈಯೂ ಒತ್ತಲಿಲ್ಲ. ಮಗುವನ್ನು ಸೊಂಟಕ್ಕೇರಿಸಿ, ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡ. ಹಳೆಯ ವರ್ಷನ್ನಿನ ಹಾಗೆ, ಹೇಳದೆ ಕೇಳದೆ ಮೆಟ್ಟಿಲಿಳಿದ.