ಸೆರಗು ಕೊಡವುವ ಶಾಸ್ತ್ರ

ಹಳೆಯ ಉಪ್ಪಿನ ಯಾರ್ಡಿನ ಗೇಟು ದಾಟಿ ಹೊರಹೋಗುವ ಮೊದಲು ಸೆರಗು ಕೊಡವಲು ಹೋದ ಮೋಹಿನಿಯ ಕೈ ಅಲ್ಲೇ ನಿಂತಿತು. ಹಿಂದಿನಿಂದ ಗೈಡ್ ಅಖಿಲನ ಮಾತು ಕೇಳುತ್ತಿತ್ತು.

"ಬ್ರಿಟಿಷರ ಕಾಲದಲ್ಲಿ ಮೀನಿಗೆ ಉಪ್ಪು ಹಾಕುವ ಕೆಲಸ ಈ ಕಾಂಪೌಂಡಿನ ಒಳಗೇ ಆಗಬೇಕಿತ್ತು. ಉಪ್ಪು ಸರ್ಕಾರದ್ದು, ಒಂದು ಹರಳೂ ಹೊರಗೆ ಹೋಗಬಾರದು. ಅದಕ್ಕೇ ಹೆಂಗಸರು ಸಂಜೆ ಮನೆಗೆ ಹೊರಡುವಾಗ ಇಲ್ಲಿ ಕಾವಲುಗಾರನ ಎದುರು ಸೆರಗು ಕೊಡವಿ ತೋರಿಸಬೇಕಿತ್ತು." ಪ್ರವಾಸಿಗರಲ್ಲಿ ಯಾರೋ ನಕ್ಕರು. ಅಖಿಲ್ ಮೋಹಿನಿಯತ್ತ ತಿರುಗಿದ. "ಅಜ್ಜಿ, ನೀವೊಮ್ಮೆ ಮಾಡಿ ತೋರಿಸ್ತೀರಾ? ವಿಡಿಯೊಗೆ ಚಂದ ಬರ್ತದೆ."

ಮೋಹಿನಿಯ ಮನೆಯಲ್ಲಿ ಹೆಂಗಸರು ಹೊರಗೆ ಹೊರಟಾಗಲೆಲ್ಲ ಸೆರಗು ಕೊಡವುವುದು ಶಾಸ್ತ್ರ. ದೃಷ್ಟಿ ಹೋಗುತ್ತದೆ ಎಂದು ಅಜ್ಜಿ ಅಮ್ಮನಿಗೆ ಹೇಳಿದ್ದಳು, ಅಮ್ಮ ಅವಳಿಗೆ. ಮದುವೆಯ ದಿನ ಮಗಳು ಮರೆತಾಗ, ಕಾರು ಹತ್ತಿದವಳನ್ನು ಮೋಹಿನಿ ಇಳಿಸಿ ಕೊಡವಿಸಿದ್ದಳು. ಆ ಅಜ್ಜಿ ದುಡಿದದ್ದು ಇದೇ ಯಾರ್ಡಿನಲ್ಲಿ. ತನ್ನ ಕಡಲಿನ ಉಪ್ಪಿಗೆ ತಾನೇ ಕಳ್ಳಿಯಾದದ್ದನ್ನು ಮಕ್ಕಳಿಗೆ ಹೇಗೆ ಹೇಳುವುದು? ಹೇಳಲಾರದೆ ಅದನ್ನು ಶಾಸ್ತ್ರ ಮಾಡಿಬಿಟ್ಟಿದ್ದಳು.

ಅಷ್ಟರಲ್ಲಿ ಫೋನಿನಲ್ಲಿ ಮಾತಾಡುತ್ತಾ ಬಂದ ಮೊಮ್ಮಗಳು ತೃಪ್ತಿ, ಅಭ್ಯಾಸಬಲದಿಂದ, ಗೇಟಿನ ಬಳಿ ಚೂಡಿದಾರದ ಶಾಲಿನ ತುದಿ ಹಿಡಿದಳು. ಅಖಿಲ್ ಮೊಬೈಲು ಎತ್ತಿದ. ಮೋಹಿನಿ ಮೊಮ್ಮಗಳ ಕೈಯನ್ನು ಬಿಗಿಯಾಗಿ ಹಿಡಿದು ಕೆಳಗಿಳಿಸಿದಳು.

"ಕೊಡವಬೇಡ ಮಗಾ. ಕದ್ದವರು ಏನನ್ನೂ ಕೊಡವಿ ತೋರಿಸದೆ ಹಡಗು ಹತ್ತಿ ಹೋದರು."