ಸೇತುವೆ ಕಾಯುವವಳು

ಐದನೇ ಪುಟ ಮುಗಿಯುವಷ್ಟರಲ್ಲಿ ಅಕ್ಕ ಗೊರಕೆ ಹೊಡೆಯತೊಡಗಿದಳು. ಡಯಾಲಿಸಿಸ್ ಯಂತ್ರದ ಪಕ್ಕ ಸ್ಟೂಲಿನ ಮೇಲೆ ಕೂತು ಓದುತ್ತಿದ್ದ ತಮ್ಮನ ದನಿ ಅಲ್ಲಿಗೇ ನಿಂತಿತು. ಜಮೀನು ಅಳೆದು ನಕ್ಷೆ ಬರೆಯುವ ಕೆಲಸ ಅವನದು. ಬಿಡುವು ಸಿಕ್ಕಾಗಲೆಲ್ಲ ಎಲ್ಲೂ ಇಲ್ಲದ ಒಂದು ದೇಶವನ್ನು ಕಟ್ಟಿ ಕಾದಂಬರಿ ಮಾಡಿದ್ದ. ಅಲ್ಲಿನ ಮರಗಳು ಬಂಡೆಯಂಚಿನಿಂದ ಕೆಳಮುಖವಾಗಿ ಬೆಳೆಯುತ್ತಿದ್ದವು. ಎರಡು ಬೆಟ್ಟಗಳ ನಡುವೆ ಒಂದು ಸೇತುವೆ; ದಾಟುವವರು ಹೆಜ್ಜೆಗೊಂದು ನಿಜ ಹೇಳಬೇಕು. ಸುಳ್ಳಾಡಿದರೆ ಕಾಲಡಿಯ ಹಲಗೆ ಮಾಯ. ಓದಿದ ಪ್ರಕಾಶಕರೆಲ್ಲ ಹೊಗಳಿದ್ದರು, ಹೊಗಳಿ ವಾಪಸ್ ಕಳಿಸಿದ್ದರು.

"ಯಾಕೋ ನಿಲ್ಲಿಸಿದೆ?" ಅಕ್ಕ ಕಣ್ಣು ಬಿಟ್ಟಳು.

"ನೀನು ನಿದ್ದೆ ಮಾಡ್ತಿದ್ದೆ."

"ಇನ್ನೇನು ಮಾಡ್ಲಿ? ಹಲಗೆ ಕೊಯ್ದೋರು ಯಾರು, ಹಗ್ಗ ಹೊಸೆದೋರು ಯಾರು, ಯಾವ ರಾಜನ ಕಾಲದ್ದು, ಎಲ್ಲಾ ಹೇಳ್ದೆ. ನಿನ್ನ ದೇಶ ಚೆನ್ನಾಗಿದೆ ಕಣೋ. ಆದ್ರೆ ಯಾರ ಮನೆ ಬಾಗಿಲು ಬಡಿದ್ರೂ ಒಳಗಿಂದ ಒಬ್ಬರೂ ಓಗೊಡಲ್ಲ."

ತಮ್ಮನ ಮುಖ ಸಪ್ಪಗಾಯಿತು. "ಸೇತುವೆ ಕಾಯೋಳು ಇದ್ದಾಳಲ್ಲ."

"ಇದ್ದಾಳೆ, ಕಂಬದ ಹಾಗೆ. ಅಷ್ಟು ವರ್ಷ ಕಾಯ್ತಾಳೆ, ಒಂದ್ಸಲಾನೂ ದಾಟಿಲ್ಲ. ಯಾಕೆ?"

"ನನಗೇನು ಗೊತ್ತು?"

"ಬರೆದೋನಿಗೇ ಗೊತ್ತಿಲ್ಲ ಅಂದ್ಮೇಲೆ ನಾನು ಮಲಗಿದ್ರಲ್ಲಿ ಏನು ತಪ್ಪು?"

ಆ ಮಾತು ಅವನ ಬೆನ್ನು ಬಿಡಲಿಲ್ಲ. ಯಾರದೋ ಜಮೀನಿನ ಮೂಲೆಯಲ್ಲಿ ಗಡಿ ಕಲ್ಲು ನೆಡಿಸುತ್ತಿದ್ದಾಗಲೂ ತಲೆ ತುಂಬ ಅದೇ. ಕೊನೆಗೆ ಕಣ್ಣ ಮುಂದೆ ಬಂದವಳು ಅಕ್ಕನೇ. ತೋಳಿಗೆ ದಪ್ಪ ಸೂಜಿ ಚುಚ್ಚುವಾಗಲೆಲ್ಲ, "ನನಗೇನೂ ಭಯ ಇಲ್ಲ, ನೀನು ಆ ಕಡೆ ನೋಡು" ಅನ್ನುತ್ತಿದ್ದಳು. ಅವನು ಆ ಕಡೆಯೇ ನೋಡುತ್ತಿದ್ದ. ಆದರೂ ಅವಳ ಇನ್ನೊಂದು ಕೈ ಹೊದಿಕೆಯನ್ನು ಹಿಂಡುವುದು ಓರೆಗಣ್ಣಿಗೆ ಬೀಳುತ್ತಿತ್ತು. ಅವತ್ತು ಸಂಜೆ ಸೇತುವೆಯ ಇತಿಹಾಸವನ್ನೆಲ್ಲ ಕಿತ್ತುಹಾಕಿದ. ಆಚೆ ಬೆಟ್ಟದಲ್ಲಿ ಕಾವಲುಗಾರ್ತಿಯ ತಮ್ಮನನ್ನು ಕಾಯಿಲೆಯಲ್ಲಿ ಮಲಗಿಸಿ, ಅವಳನ್ನು ಮೊದಲ ಹಲಗೆಯ ಮುಂದೆ ತಂದು ನಿಲ್ಲಿಸಿದ.

ಮುಂದಿನ ವಾರ ಅದೇ ಸ್ಟೂಲಿನಲ್ಲಿ ಕೂತು ಓದಿದ. "'ನನಗೇನೂ ಭಯ ಇಲ್ಲ' ಎಂದು ಅವಳು ಕಾಲೆತ್ತಿದಳು. ಹಲಗೆ ಮಾಯವಾಯಿತು. ಕಂಬ ತಬ್ಬಿಕೊಂಡು ಬದುಕಿದಳು. ಹಿಂದೆಯೂ ಪ್ರತಿ ಸಲ ಹೀಗೇ ಆಗಿತ್ತು. ಕತ್ತಲಾಗುವ ಹೊತ್ತಿಗೆ, ತನಗಷ್ಟೇ ಕೇಳುವಂತೆ, 'ನನಗೆ ಭಯ ಆಗ್ತಿದೆ' ಎಂದಳು. ಕಾಲಿಟ್ಟಳು. ಹಲಗೆ ಮತ್ತೆ ಅಲ್ಲೇ ಇತ್ತು."

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. "ಓದು, ಮುಂದೆ ಓದು" ಎಂದಳು.

ಅಷ್ಟರಲ್ಲಿ ಪಕ್ಕದ ಹಾಸಿಗೆಯಿಂದ ಒಂದು ಒರಟು ದನಿ ಬಂತು. ಲಾರಿ ಓಡಿಸಿ ನಿವೃತ್ತರಾದ ಹಿರಿಯರು. "ಆ ಹಲಗೆ ಎಷ್ಟು ಅಗಲ ಇದೆಯಪ್ಪ?"

ತಮ್ಮ ತಬ್ಬಿಬ್ಬಾದ. "ಒಂದು ಗೇಣು, ಯಜಮಾನ್ರೇ."

"ಅಷ್ಟೇನಾ? ಮರ ಗಟ್ಟಿ ತಾನೆ?"

"ಹಗ್ಗದ ಕಥೆ ಏನು? ಹಳೇದಾಗಿರುತ್ತೆ" ಎಂದರು ಎದುರು ಹಾಸಿಗೆಯ ಟೀಚರಮ್ಮ.

ಕಿತ್ತುಹಾಕಿದ್ದೆಲ್ಲ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಕೆಳಮುಖವಾಗಿ ಬೆಳೆದ ಮರವಾದ್ದರಿಂದ ಹಲಗೆ ಸದಾ ಕೆಳಕ್ಕೇ ಜಗ್ಗುತ್ತದೆ ಎಂದ. ಹಗ್ಗ ಹೊಸೆದದ್ದು ಕಾವಲುಗಾರ್ತಿಯ ಅಜ್ಜಿ, ಕೊನೆಯ ಎಳೆ ಹಾಕುವ ಮೊದಲೇ ಕಣ್ಣು ಹೋಗಿತ್ತು ಎಂದ. ಅಕ್ಕನಿಗೆ ಗೊರಕೆ ತರಿಸಿದ್ದ ಅವೇ ವಿವರಗಳು ಈಗ ಆ ಹೆಂಗಸಿನ ಪಾದದಡಿಗೆ ಬಂದಿದ್ದವು. ಇಡೀ ವಾರ್ಡು ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಕಟ್ಟಿದ ದೇಶದ ಒಂದು ಕಡ್ಡಿಯೂ ದಂಡವಾಗಿರಲಿಲ್ಲ. ತಮ್ಮನ ಎದೆ ಉಬ್ಬಿತು, ದನಿ ಏರಿತು.

ಹಿರಿಯರ ಯಂತ್ರ ಕೀಂಗುಟ್ಟಿತು. ಮನೆಗೆ ಹೋಗುವ ಹೊತ್ತಾಯಿತೆಂದು ಸಿಸ್ಟರ್ ನಗುತ್ತಾ ಬಂದು ಸೂಜಿ ತೆಗೆಯಲು ಬಗ್ಗಿದರು. ಹಿರಿಯರು ಇನ್ನೊಂದು ಕೈಯನ್ನು ಅಡ್ಡ ಹಿಡಿದರು.

"ಒಂದು ನಿಮಿಷ ತಡಿಯಮ್ಮ, ಅವಳಿನ್ನೂ ಸೇತುವೆ ನಡುವೆ ನಿಂತಿದ್ದಾಳೆ."