ಇಲ್ಲಿ ಯಾರೂ ಸತ್ತಿಲ್ಲ

"ಅಜ್ಜೀ, ನಿಮ್ಮ ಕೊನೆಯ ದಿನಗಳು ಹೇಗಿರಬೇಕು ಅಂತ ನಿಮ್ಮ ಆಸೆ? ಸಂಕೋಚ ಬೇಡ," ಎಂದು ವೃದ್ಧರ ಕೊನೆಯಾಸೆಗಳ ವಿಡಿಯೋ ಮಾಡಲು ಧಾರವಾಡದಿಂದ ಬಂದಿದ್ದ ವಿದ್ಯಾವತಿ ಮೇಡಂ ಕೇಳಿದಾಗ ಅಮೀರುನ್ನಿಸಾ ಮೊದಲು ಚಾವಣಿಯ ಕಡೆ ನೋಡಿದಳು.

"ಸದ್ಯಕ್ಕ ಈ ಫ್ಯಾನ್ ತಿರುಗಿದ್ರ ಸಾಕಾಗಿತ್ತು, ಬೇಟಿ."

ಹಳಿಯಾಳದ ಆ ವೃದ್ಧಾಶ್ರಮದ ಮ್ಯಾನೇಜರ್ ಅಡಿವೆಯ್ಯ ಎಲ್ಲರಿಗಿಂತ ಜೋರಾಗಿ ನಕ್ಕ. "ಭಾಳ ತಮಾಷಿ ಮಾಡ್ತಾರ್ರಿ ಮೇಡಂ, ನಮ್ಮ ಅಜ್ಜಿಯಾರು. ಆಶ್ರಮ ಸುರು ಆದಾಗಿಂದ ಇಲ್ಲೆ ಒಬ್ಬರೂ ಸತ್ತಿಲ್ಲ ನೋಡ್ರಿ!"

ಅದು ನಿಜ. ಯಾರಿಗಾದರೂ ಉಸಿರು ಸ್ವಲ್ಪ ಏರುಪೇರಾದರೆ ಸಾಕು, ಅಡಿವೆಯ್ಯನ ವ್ಯಾನು ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಸಾಯುವವರು ಧಾರವಾಡದ ದಾರಿಯಲ್ಲೋ, ಯಾವುದೋ ಆಸ್ಪತ್ರೆಯ ವರಾಂಡದಲ್ಲೋ ಶಿಸ್ತಾಗಿ ಸಾಯುತ್ತಿದ್ದರು. ಆಶ್ರಮದ ಹೆಸರು ಕೆಡುತ್ತಿರಲಿಲ್ಲ. ಹೋದ ತಿಂಗಳು ಒಯ್ಯುವಾಗ ಇದೇ ಕೋಣೆಯ ಗುರುಸಿದ್ದವ್ವ ಮಂಚದ ಸರಳು ಹಿಡಿದುಕೊಂಡಿದ್ದಳು. ಅಡಿವೆಯ್ಯ ಅವಳ ಬೆರಳುಗಳನ್ನು ಒಂದೊಂದಾಗಿ, ಉಗುರಿಗೂ ನೋವಾಗದಂತೆ ಬಿಡಿಸಿದ್ದ. ಸೂಕ್ಷ್ಮ ಮನುಷ್ಯ.

ಪಕ್ಕದ ಮಂಚದಲ್ಲಿ ಜುಲಿಯಾನಾ ಕೌದಿ ಹೊಲಿಯುತ್ತ ಕೂತಿದ್ದಳು. ಮುಂಡಗೋಡ ಕಡೆಯ ಸಿದ್ದಿ ಹೆಂಗಸು. ನಾಲ್ಕೂ ಮೂಲೆಗೆ ಬಟ್ಟೆಯ ಹೂವು ಕೂಡಿಸದೆ ಕೌದಿ ಮುಗಿಯಿತೆನ್ನುವವಳಲ್ಲ. ಅಮೀರುನ್ನಿಸಾ ಹೊದೆಯುವ ಕೌದಿಯೂ ಅವಳು ಹೊಲಿದದ್ದೇ. ಅಮೀರುನ್ನಿಸಾಳ ಕೈ ನಡುಗುತ್ತದೆಂದು ದಿನಾ ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿ, ಊದಿ, ತುಟಿಗೆ ಹಿಡಿಯುವವಳೂ ಅವಳೇ.

"ಹೇಳಿ ಅಜ್ಜೀ, ನಿಮ್ಮ ಮಾತೇ ಅಂತಿಮ." ವಿದ್ಯಾವತಿ ಮೊಬೈಲಿನ ಕ್ಯಾಮೆರಾ ಎತ್ತಿ ಹಿಡಿದಳು.

ಅಮೀರುನ್ನಿಸಾ ಸೆರಗು ಸರಿಮಾಡಿಕೊಂಡಳು. "ನನ್ನ ಇಲ್ಲಿಂದ ಎಲ್ಲೂ ಒಯ್ಯಬ್ಯಾಡ್ರಿ. ಇದ ಮಂಚದ ಮ್ಯಾಲೆ, ಈ ಜುಲಿ ಕೈಯಾಗಿನ ಒಂದು ಗುಟುಕು ನೀರು ಕುಡದು ಸಾಯ್ತೇನಿ. ಅಷ್ಟ."

"ಛೇ ಛೇ, ಎಂಥಾ ಮಾತರಿ ಅಜ್ಜಿಯಾರ!" ಅಡಿವೆಯ್ಯನ ಮುಖ ಬಿಳಿಚಿತು. "ಮೇಡಂ, ಅವ್ರು ಹೇಳೂದು, ಇಲ್ಲೆ ಅಷ್ಟು ಆರಾಮ ಐತಿ, ಬಿಟ್ಟು ಹೋಗಾಕ ಮನಸಿಲ್ಲ ಅಂತ."

"ಅಯ್ಯೋ, ಎಷ್ಟು ಚಂದ! ಮೊದಲನೇ ಮಾತು ಇಟ್ಕೊಂಡು ಉಳಿದದ್ದು ತೆಗೆದುಬಿಡ್ತೀನಿ. ನಮ್ಮ ವಿಡಿಯೋಗೆ ಅಷ್ಟು ಸಾಕು." ವಿದ್ಯಾವತಿ ಅಜ್ಜಿಯ ಕೆನ್ನೆ ತಟ್ಟಿ, ಇನ್ನೊಬ್ಬರ ಆಸೆ ಕೇಳಲು ಮುಂದಿನ ಕೋಣೆಗೆ ನಡೆದಳು. ಅಡಿವೆಯ್ಯನೂ ಹಿಂದೆಯೇ ಹೋದ.

ಜುಲಿಯಾನಾ ಎದ್ದು ತನ್ನ ಮಂಚವನ್ನು ಕರ್ರೆಂದು ಎಳೆದು ಅಮೀರುನ್ನಿಸಾಳ ಮಂಚಕ್ಕೆ ಹಚ್ಚಿದಳು. ಸೂಜಿಗೆ ದಪ್ಪ ದಾರ ಪೋಣಿಸಿ, ತನ್ನ ಕೌದಿಯ ಅಂಚನ್ನು ಅವಳ ಕೌದಿಯ ಅಂಚಿಗೆ ಕೂಡಿಸಿ ಹೊಲಿಯತೊಡಗಿದಳು.

"ಏನ ಮಾಡಾಕತ್ತೀಯ ಜುಲಿ?"

"ಎರಡೂ ಒಂದ ಮಾಡಾಕತ್ತೇನಿ, ಆಪಾ." ಜುಲಿಯಾನಾ ಗಂಟನ್ನು ಹಲ್ಲಿನಿಂದ ಬಿಗಿದಳು. "ಇನ್ನ ಒಬ್ಬರನ್ನ ಎತ್ತಿದ್ರ ಇಬ್ಬರೂ ಏಳ್ತೇವಿ. ವ್ಯಾನಿನ್ಯಾಗ ಹಿಡಸ್ತೇವೇನು ಅಂತ ಅಡಿವೆಯ್ಯಗ ಕೇಳೂಣು."